ಮುಂಬಯಿಯಲ್ಲಿ ಗೆಳೆಯನಿಗೊಂದು ನುಡಿನಮನ: ಸಭೆ, ಪುಸ್ತಿಕೆ ಮತ್ತು ಆಮೇಲಿನ ತಿಂಗಳುಗಳು

ಮೆತ್ತಗೆ ಮಾತಾಡುತ್ತ, ಕರೆದವರ ಕೆಲಸಕ್ಕೆಲ್ಲ ಒದಗುತ್ತ ಬದುಕಿದವರು ತಮ್ಮ ಬಗ್ಗೆ ಕಾಗದಪತ್ರ ಬಿಟ್ಟುಹೋಗುವುದು ಕಡಿಮೆ. ಅವರು ಮಾಡಿದ್ದೆಲ್ಲ ಬೇರೆಯವರ ನೆನಪಿನಲ್ಲಿ ಚೂರುಚೂರಾಗಿ ಹಂಚಿಹೋಗಿರುತ್ತದೆ. ಅಂಥ ಗೆಳೆಯರೊಬ್ಬರು ತೀರಿಕೊಂಡಾಗ ಅದನ್ನು ಮೊದಲೇ ಒಟ್ಟುಮಾಡದೆ ನುಡಿನಮನ ಸಭೆ ಕರೆದರೆ ಎಲ್ಲರ ಬಾಯಲ್ಲೂ ‘ಅಜಾತಶತ್ರು’, ‘ಸರಳ ಸಜ್ಜನ’ ಎಂಬ ಎರಡೇ ಮಾತು. ಅವರ ಹೆಂಡತಿಗೆ ಅದರಿಂದ ಸಿಗುವುದು ಏನೂ ಇಲ್ಲ.

ಉತ್ತರಕ್ರಿಯೆ, ವೈಕುಂಠ ಸಮಾರಾಧನೆ ಮನೆಯವರ ಪದ್ಧತಿಯಂತೆ ಮುಗಿಯಲಿ. ಆ ದಿನಗಳಲ್ಲಿ ಗೆಳೆಯರು ಸಭೆಯ ಮಾತೆತ್ತಬಾರದು. ಆಮೇಲೆ ಒಬ್ಬರು, ಅವರಿಗೆ ಹತ್ತಿರದವರು, ಮನೆಗೆ ಹೋಗಿ ಅವರ ಹೆಂಡತಿಯ ಬಳಿ ಮೂರು ವಿಷಯ ಕೇಳಬೇಕು. ‘ವೈನಿ (ಅತ್ತಿಗೆ), ಸಭೆ ಬೇಕೆನಿಸುತ್ತದೆಯೇ? ಯಾವ ಫೋಟೊ ಇಡೋಣ? ಯಾವ ಮಾತು ಹೊರಗೆ ಬರಬಾರದು?’ ಕೊನೆಯ ಪ್ರಶ್ನೆ ಮುಖ್ಯ. ಕಾಯಿಲೆಯ ವಿವರ, ಸಾಲ, ಮಕ್ಕಳ ವಿಷಯ ವೇದಿಕೆಯಲ್ಲಿ ಹೊರಬಿದ್ದು ಮನೆಯವರು ತಲೆತಗ್ಗಿಸಿ ಕೂರುವಂತಾಗುವುದು ಇದನ್ನು ಕೇಳದಿದ್ದಾಗಲೇ. ಅವರು ಬೇಡವೆಂದರೆ ಅಲ್ಲಿಗೆ ಬಿಡಿ, ಗೆಳೆಯರ ನೆನಪುಗಳ ಪುಸ್ತಿಕೆಯಷ್ಟೇ ಸಾಕು.

ನೆನಪು ಕೇಳುವಾಗ ‘ಅವರ ಬಗ್ಗೆ ನಾಲ್ಕು ಸಾಲು ಬರೆಯಿರಿ’ ಎಂದರೆ ವಿಶೇಷಣಗಳೇ ಬರುತ್ತವೆ. ಸಣ್ಣ ಪ್ರಶ್ನೆ ಕೇಳಿ. ಕೊನೆಯ ಸಲ ಭೇಟಿಯಾದಾಗ ಏನು ತಿಂದಿರಿ? ಸಿಟ್ಟು ಬಂದರೆ ಏನು ಮಾಡುತ್ತಿದ್ದರು? ನಿಮಗೆ ಕೊಟ್ಟು ವಾಪಸು ಕೇಳದ ವಸ್ತು ಯಾವುದು? ಫೋನ್ ಎತ್ತಿದೊಡನೆ ಅವರ ಮೊದಲ ಮಾತೇನು? ಒಬ್ಬರಿಗೆ 150ರಿಂದ 200 ಪದ ಸಾಕು. ಬರೆಯಲು ಹಿಂಜರಿಯುವವರು ಫೋನಿನಲ್ಲಿ ಹೇಳಲಿ, ಅನುಮತಿ ಪಡೆದು ರೆಕಾರ್ಡ್ ಮಾಡಿಕೊಂಡು ನೀವೇ ಬರೆದುಕೊಳ್ಳಿ. ಸಂಘದ ಪದಾಧಿಕಾರಿಗಳಲ್ಲೇ ನಿಲ್ಲಬೇಡಿ: ದಿನವೂ ಒಂದೇ ಲೋಕಲ್‌ನಲ್ಲಿ ಹೋಗುತ್ತಿದ್ದ ಗೆಳೆಯರು, ವಸತಿ ಸೊಸೈಟಿಯ ವಾಚ್‌ಮನ್, ಎದುರು ಮನೆಯ ಮರಾಠಿ ಕುಟುಂಬ, ಪೇಪರ್ ಹಾಕುವ ಹುಡುಗ. ಇಂಥ ಮನುಷ್ಯರ ನಿಜವಾದ ಚಿತ್ರ ಸಿಗುವುದು ಇವರ ಬಳಿ. ಮರಾಠಿಯಲ್ಲಿ ಹೇಳಿದ್ದನ್ನು ಮರಾಠಿಯಲ್ಲೇ ಅಚ್ಚು ಹಾಕಿ, ಕೆಳಗೆ ಕನ್ನಡದ ಎರಡು ಸಾಲು ಕೊಡಿ.

ಅವರ ದನಿಯನ್ನು ಉಳಿಸುವ ಕೆಲಸ ಎಲ್ಲಕ್ಕಿಂತ ತುರ್ತಿನದು. ವಾಟ್ಸಾಪ್ ಖಾತೆ 120 ದಿನ ಬಳಕೆಯಾಗದಿದ್ದರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ರಿಚಾರ್ಜ್ ನಿಂತರೆ ಕೆಲವು ತಿಂಗಳಲ್ಲಿ ಸಿಮ್ ಕೂಡ ಸತ್ತು ನಂಬರ್ ಬೇರೆಯವರ ಪಾಲಾಗುತ್ತದೆ. ಆದ್ದರಿಂದ ಅವರ ಫೋನಿನಲ್ಲಿರುವುದನ್ನು ಈಗಲೇ ತೆಗೆದಿಡಿ. ಗೆಳೆಯರೂ ತಮ್ಮ ತಮ್ಮ ಫೋನಿನಲ್ಲಿರುವ ಅವರ ಧ್ವನಿ ಸಂದೇಶಗಳನ್ನು ಒಬ್ಬರಿಗೆ ಕಳಿಸಲಿ. ಅವು ಒಪಸ್ ಕಡತಗಳಾಗಿರುತ್ತವೆ. ಸಭಾಂಗಣದ ಯಂತ್ರ ಅವನ್ನು ಎಷ್ಟೋ ಸಲ ನುಡಿಸುವುದಿಲ್ಲ, ಎಂಪಿ3ಗೆ ಬದಲಿಸಿಡಿ. ಫೋಟೊಗಳನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಮಾಮೂಲಿಯಾಗಿ ಕಳಿಸಿದರೆ ಕುಗ್ಗಿ ಅಚ್ಚಿನಲ್ಲಿ ಮುಖ ಮಸುಕಾಗುತ್ತದೆ. 4×6 ಇಂಚಿನ ಚಿತ್ರಕ್ಕೆ ಸುಮಾರು 1200×1800 ಪಿಕ್ಸೆಲ್ ಬೇಕು.

ಪುಸ್ತಿಕೆ ಎ5 ಅಳತೆ, ನಡುವೆ ಪಿನ್ ಹೊಡೆದದ್ದು, 24 ಅಥವಾ 28 ಪುಟ ಇರಲಿ. ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರ ಗುಣಕದಲ್ಲೇ ಇರಬೇಕು, ಇಲ್ಲವಾದರೆ ಕೊನೆಗೆ ಖಾಲಿ ಹಾಳೆ ಉಳಿಯುತ್ತದೆ. ಮುಂಬಯಿಯ ಎಷ್ಟೋ ಮುದ್ರಣಾಲಯಗಳಲ್ಲಿ ಕನ್ನಡ ಓದುವವರಿಲ್ಲ, ತಪ್ಪಾಗುವುದೂ ಇಲ್ಲೇ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದು ಬೇರೆ ಗಣಕಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಯೂನಿಕೋಡ್‌ನಲ್ಲಿದ್ದರೂ ಹಳೆಯ ವಿನ್ಯಾಸ ತಂತ್ರಾಂಶದಲ್ಲಿ ಒತ್ತಕ್ಷರ ಮುರಿದು ಪಕ್ಕಕ್ಕೆ ಬೀಳುತ್ತದೆ. ಪುಟಗಳನ್ನು ಮನೆಯಲ್ಲೇ ಸಿದ್ಧಮಾಡಿ, ಫಾಂಟ್ ಸೇರಿಸಿದ ಪಿಡಿಎಫ್ ಮಾತ್ರ ಕೊಡಿ. ಒಂದು ಪ್ರತಿ ಕಾಗದದ ಮೇಲೆ ತೆಗೆಸಿ ‘ಕ್ಷೇತ್ರ’, ‘ಸ್ಮೃತಿ’, ‘ಕಾರ್ಯ’ದಂಥ ಪದಗಳನ್ನು ಬೆರಳಿಟ್ಟು ನೋಡಿ. ಅವರ ಹೆಸರು, ಜನ್ಮದಿನ, ಊರಿನ ಹೆಸರನ್ನು ಮನೆಯವರೇ ಓದಿ ಒಪ್ಪಬೇಕು.

ದಿನದ ಆಯ್ಕೆ. ಡೊಂಬಿವಲಿ, ವಾಶಿ, ಮೀರಾ ರೋಡ್‌ಗಳಿಂದ ಬರುವವರಿಗೆ ರವಿವಾರದ ಮೆಗಾ ಬ್ಲಾಕ್ (ಹಳಿ ದುರಸ್ತಿಗಾಗಿ ಲೋಕಲ್ ರೈಲುಗಳನ್ನು ತಡೆಯುವುದು) ದೊಡ್ಡ ಅಡ್ಡಿ. ಅದು ಹೆಚ್ಚಾಗಿ ಬೆಳಗ್ಗೆ 11ರ ಸುಮಾರಿಗೆ ಶುರುವಾಗಿ ನಾಲ್ಕರವರೆಗೂ ಎಳೆಯುವುದರಿಂದ ಸಂಜೆ 5.30ಕ್ಕೆ ಆರಂಭಿಸಿ 7ಕ್ಕೆ ಮುಗಿಸಿ. ಸಭಾಂಗಣಗಳಲ್ಲಿ ಮಾಟುಂಗಾ ಪೂರ್ವದ ಮೈಸೂರು ಅಸೋಸಿಯೇಷನ್ ಸೆಂಟ್ರಲ್ ಲೈನಿನವರಿಗೆ ಹತ್ತಿರ, ಮಾಟುಂಗಾ ರೋಡ್ ನಿಲ್ದಾಣದ ಬಳಿಯ ಕರ್ನಾಟಕ ಸಂಘ ವೆಸ್ಟರ್ನ್ ಲೈನಿನವರಿಗೆ. ನವೆಂಬರಿನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಗಳಿರುತ್ತವೆ, ಮೊದಲೇ ವಿಚಾರಿಸಿ. ಐವತ್ತು ಜನಕ್ಕಿಂತ ಕಡಿಮೆಯಿದ್ದರೆ ಸೊಸೈಟಿಯ ಹಾಲ್ ಇನ್ನೂ ಒಳ್ಳೆಯದು. ಹೂವನ್ನು ಅಂದೇ ಬೆಳಗ್ಗೆ ದಾದರ್ ಮಾರುಕಟ್ಟೆಯಿಂದ ತನ್ನಿ.

ಮಾತನಾಡುವವರು ಆರು ಜನ, ತಲಾ ನಾಲ್ಕು ನಿಮಿಷ. ಅಂದರೆ ಕೈಬರಹದ ಎರಡು ಪುಟ. ಹೆಸರು ಮೊದಲೇ ಗೊತ್ತುಮಾಡಿ. ‘ಯಾರಾದರೂ ಮಾತಾಡುವವರಿದ್ದೀರಾ’ ಎಂದು ಸಭೆಯಲ್ಲಿ ಕೇಳಿದರೆ ಗಡಿಯಾರ ಕೈತಪ್ಪುತ್ತದೆ. ಅಧ್ಯಕ್ಷರಿಂದ ಆರಂಭಿಸಬೇಡಿ. ಮೊದಲು ಮಾತಾಡಿದವರ ಧಾಟಿಯನ್ನೇ ಉಳಿದವರು ಹಿಡಿಯುತ್ತಾರೆ, ಹಾಗಾಗಿ ಒಂದು ಸಣ್ಣ ಘಟನೆ ಹೇಳಬಲ್ಲ ಹಳೆಯ ಗೆಳೆಯನೇ ಮೊದಲಿಗನಾಗಲಿ. ಅವರು ಗುನುಗುತ್ತಿದ್ದ ದಾಸರ ಪದವೋ ಭಾವಗೀತೆಯೋ ಒಂದೇ ಸಾಕು. ಧ್ವನಿ ಸಂದೇಶ ಕೇಳಿಸುವುದಾದರೆ ವೈನಿಗೆ ಎರಡು ದಿನ ಮೊದಲೇ ಮನೆಯಲ್ಲಿ ಕೇಳಿಸಿ, ಒಪ್ಪಿದರೆ ಮಾತ್ರ ಸಭೆಗೆ. ಆ ದನಿ ತಟ್ಟನೆ ಮೈಕಿನಲ್ಲಿ ಬಂದರೆ ತಡೆದುಕೊಳ್ಳುವುದು ಕಷ್ಟ. ವೈನಿಯನ್ನು ವೇದಿಕೆಯ ಮೇಲೆ ಕೂರಿಸಬೇಡಿ; ಎರಡನೇ ಸಾಲಿನ ಅಂಚಿನಲ್ಲಿ, ಪಕ್ಕದ ಬಾಗಿಲಿಗೆ ಹತ್ತಿರ, ಜೊತೆಗೊಬ್ಬ ಗೆಳತಿ. ಕೊನೆಗೆ ಅವರ ಕೈಗೆ ಮೈಕ್ ಕೊಡುವ ರೂಢಿಯನ್ನೂ ದಯವಿಟ್ಟು ಬಿಡಿ. ಎಂಬತ್ತು ಜನಕ್ಕೆ ಹತ್ತು ಲೀಟರ್ ಕಾಫಿ ಸಾಕಾಗುತ್ತದೆ.

ಗೆಳೆಯನ ಹೆಸರಿನಲ್ಲಿ ದತ್ತಿನಿಧಿ ಇಡುವ ಮಾತು ಅಂದೇ ಘೋಷಿಸಬೇಡಿ. ಒಂದು ಲಕ್ಷಕ್ಕೆ ಶೇ. 6 ಬಡ್ಡಿ ಹಿಡಿದರೂ ವರ್ಷಕ್ಕೆ ಆರು ಸಾವಿರ, ಒಂದು ಉಪನ್ಯಾಸಕ್ಕಷ್ಟೇ ಆದೀತು. ನಡೆಸುವವರು ಯಾರೆಂದು ತೀರ್ಮಾನವಾದ ಮೇಲೆ ಯೋಚಿಸಿದರಾಯಿತು.

ಸಭೆ ಮುಗಿದ ಮೇಲೆ ಫೋನ್ ಕರೆಗಳು ನಿಲ್ಲುತ್ತವೆ. ನಿಜವಾದ ಕೆಲಸ ಆಗ ಶುರು. ತೀರಿಕೊಂಡ ಗೆಳೆಯರೇ ಮಾಡುತ್ತಿದ್ದ ಮನೆಗೆಲಸಗಳ ಪಟ್ಟಿ ಮಾಡಿ: ಲೈಟ್ ಬಿಲ್, ಸೊಸೈಟಿಯ ಮೇಂಟೆನೆನ್ಸ್, ಗ್ಯಾಸ್, ಊರಿಗೆ ಹೋಗುವ ಟಿಕೆಟ್. ಪ್ರತಿಯೊಂದಕ್ಕೂ ಒಬ್ಬೊಬ್ಬ ಗೆಳೆಯ ಹೊಣೆ ಹೊರಲಿ. ಮರಣ ಪ್ರಮಾಣಪತ್ರದ ಎಂಟು–ಹತ್ತು ಪ್ರತಿ ತೆಗೆಸಿಕೊಡಿ; ಬ್ಯಾಂಕ್, ವಿಮೆ, ಫ್ಲ್ಯಾಟಿನ ಶೇರ್ ಸರ್ಟಿಫಿಕೇಟ್ ಎಲ್ಲದಕ್ಕೂ ಬೇಕು. ಅವರ ಖಾತೆಯಿಂದ ಯುಪಿಐ ಮೂಲಕ ಹಣ ತೆಗೆಯದಂತೆ ಮಕ್ಕಳಿಗೆ ತಿಳಿಹೇಳಿ, ಬ್ಯಾಂಕಿಗೆ ತಿಳಿಸಿಯೇ ಮುಂದುವರಿಯಬೇಕು.

ದಿನಚರಿಯಲ್ಲಿ ತೀರಿಕೊಂಡ ತಾರೀಖಿನ ಜೊತೆ ಮಾಸ, ಪಕ್ಷ, ತಿಥಿಯನ್ನೂ ಬರೆದಿಡಿ. ವರ್ಷಾಬ್ದಿಕ ತಿಥಿಯ ಪ್ರಕಾರ ನಡೆಯುವ ಮನೆಗಳಲ್ಲಿ ಅದು ಬೇರೆ ತಾರೀಖಿಗೆ ಬರುತ್ತದೆ, ತಾರೀಖನ್ನಷ್ಟೇ ನೆನಪಿಟ್ಟ ಗೆಳೆಯರು ತಡವಾಗಿಯೋ ಮುಂಚೆಯೋ ಹೋಗುತ್ತಾರೆ. ಅವರ ಹುಟ್ಟುಹಬ್ಬ, ಮದುವೆಯ ದಿನ, ಯುಗಾದಿ, ದೀಪಾವಳಿಯನ್ನೂ ಸೇರಿಸಿ ಹನ್ನೆರಡು ಜನ ತಿಂಗಳಿಗೊಬ್ಬರಂತೆ ಹಂಚಿಕೊಳ್ಳಿ. ತನ್ನ ತಿಂಗಳಲ್ಲಿ ಆ ಗೆಳೆಯ ಒಮ್ಮೆಯಾದರೂ ಮನೆಗೆ ಹೋಗಬೇಕು, ಫೋನ್ ಸಾಲದು.