ಒಣಕಸದಿಂದ ಸಿಮೆಂಟ್ ಭಟ್ಟಿಗೆ ಇಂಧನ: ಗೋವಾದ ಘಟಕಗಳಲ್ಲಿ ದುಡಿಯುವ ಕನ್ನಡಿಗರಿಗೆ

ಮರುಬಳಕೆಯಾಗದ ಗೋವಾದ ಒಣಕಸ ಕರ್ನಾಟಕದ ಸಿಮೆಂಟ್ ಭಟ್ಟಿಗಳಿಗೆ ಹೋಗುತ್ತದೆ. ಕಸ ಒದ್ದೆಯಿದ್ದರೆ ಅದರೊಳಗಿನ ನೀರನ್ನೂ ಘಾಟಿ ಹತ್ತಿಸಿ ಸಾಗಿಸಿದಂತೆ, ಡೀಸೆಲ್ ವ್ಯರ್ಥ. ಹಾಗಾಗಿ ಮೊದಲು ಸೂರಿನಡಿ ರಾಶಿ ಹಾಕಿ, ಎರಡು ವಾರ ಮಗುಚುತ್ತ ತೇವವನ್ನು ಶೇ. 20ಕ್ಕಿಂತ ಕೆಳಗಿಳಿಸಿ. ಹಸಿ ಉಳಿದರೆ ಮಣ್ಣು ಪ್ಲಾಸ್ಟಿಕ್‌ಗೆ ಮೆತ್ತಿ ಟ್ರೊಮೆಲ್ (ಉರುಳುವ ಪೀಪಾಯಿಯಂಥ) ಜರಡಿಯ ಕಣ್ಣು ಕಟ್ಟುತ್ತದೆ, ಬೂದಿಯೂ ಹೆಚ್ಚುತ್ತದೆ. ಮಳೆಗಾಲದಲ್ಲಿ ಒಣಗಿಸಲು ಗಾಳಿ ಊದುವ ಬ್ಲೋವರ್ ಬೇಕೇ ಬೇಕು.

ಜರಡಿಯಾದ ಮೇಲೆ ಅಯಸ್ಕಾಂತದಿಂದ ಕಬ್ಬಿಣ, ಕೈಗವಸು ಹಾಕಿ ಗಾಜು, ಬಾಟಲಿ ತೆಗೆದು ಗುಜರಿಗೆ ಕೊಡಿ. ಪಿವಿಸಿ ಪೈಪು, ರೆಕ್ಸಿನ್, ವೈರಿನ ಸಿಪ್ಪೆಯನ್ನಂತೂ ಹಟ ಹಿಡಿದು ಆರಿಸಿ: ಅವುಗಳ ಕ್ಲೋರಿನ್ ಭಟ್ಟಿಯ ಪ್ರೀಹೀಟರ್‌ನಲ್ಲಿ (ಕಚ್ಚಾಪುಡಿಯನ್ನು ಮೊದಲೇ ಕಾಯಿಸುವ ಭಾಗ) ಲವಣವಾಗಿ ಗಟ್ಟಿಗಟ್ಟಿ ದಾರಿ ಮುಚ್ಚುತ್ತದೆ. ಇಲ್ಲಿ ಉಳಿಸಿದ ಕೂಲಿ ಸಿಮೆಂಟ್ ಕಾರ್ಖಾನೆಯಿಂದ ಲೋಡ್ ವಾಪಸ್ ಬಂದಾಗ ಹೋಗುತ್ತದೆ. ಉಳಿದದ್ದನ್ನು 50 ಮಿ.ಮೀ.ಗಿಂತ ಸಣ್ಣಗೆ ಕತ್ತರಿಸಿ, ತಾಡಪಾಲು ಹೊದಿಸಿ ಕಳಿಸಿ.