ನಮ್ಮ ಬ್ಯಾಂಡು ಏಳಕ್ಕೆ ಎಣಿಸೋದು ಕಲಿತದ್ದು

ನಾವು ನಾಲ್ಕು ಜನ ಬೆಂಗಳೂರಿನಲ್ಲಿ ಬ್ಯಾಂಡ್ ಕಟ್ಟಿದಾಗ ತಲೆ ತುಂಬ ಇಂಗ್ಲೆಂಡಿನ ರಾಕ್ ಬ್ಯಾಂಡ್ ರೇಡಿಯೋಹೆಡ್ ಇತ್ತು. 1997ರಲ್ಲಿ 'ಓಕೆ ಕಂಪ್ಯೂಟರ್' ಆಲ್ಬಂ ಮಾಡಿ ಹೆಸರು ಗಳಿಸಿದವರು, 2000ದ 'ಕಿಡ್ ಎ'ಯಲ್ಲಿ ಗಿಟಾರನ್ನೇ ಹಿಂದಕ್ಕೆ ಸರಿಸಿ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಮುಂದಿಟ್ಟರು. ಅಷ್ಟು ಧೈರ್ಯ ನಮಗೂ ಬೇಕು ಅನಿಸಿತು. ಸಾಲ ಮಾಡಿ ಸಿಂಥ್ ತಂದೆವು. ವರ್ಷಪೂರ್ತಿ ನುಡಿಸಿದೆವು. ರೆಕಾರ್ಡ್ ಮಾಡಿ ಕೇಳಿದರೆ ಎಲ್ಲ ಹಾಡಿನಲ್ಲೂ ಅವರ ನೆರಳು. ಅವರ ಧೈರ್ಯ ನಮಗೆ ಬಂದಿರಲಿಲ್ಲ, ಸದ್ದು ಮಾತ್ರ ಬಂದಿತ್ತು.

ಬದಲಾವಣೆ ಶುರುವಾದದ್ದು ನಾನು ಬರೆದ ಒಂದು ಸಾಲಿನಿಂದ. "ಅವ್ವ ಕರೆದಳು, ದೀಪ ಹಚ್ಚಿದೆ." ಅದು ನಾಲ್ಕರ ಬೀಟಿಗೆ ಕೂರುತ್ತಲೇ ಇರಲಿಲ್ಲ. ಇಂಗ್ಲಿಷಿನ ಎಷ್ಟೋ ಪದಗಳು ವ್ಯಂಜನದಲ್ಲಿ ಮುಗಿಯುತ್ತವೆ, ಸ್ನೇರ್ ಡ್ರಮ್ಮಿನ ಏಟಿಗೆ ಟಕ್ ಅಂತ ನಿಲ್ಲುತ್ತವೆ. ನಮ್ಮ ಪದಗಳು ಸ್ವರದಲ್ಲಿ ಮುಗಿದು ಮುಂದಿನ ಪದದ ಕೈ ಹಿಡಿಯುತ್ತವೆ. 'ಕರೆದಳು' ಆದ ಮೇಲೆ ಉಳಿದ ಜಾಗ ತುಂಬಲು ನಾನು 'ಳು' ಎಳೆಯುತ್ತಿದ್ದೆ. ಎಳೆದರೆ ಮಾತಿನ ಜೀವವೇ ಹೋಗುತ್ತಿತ್ತು.

ಒಂದು ಸಂಜೆ ನಮ್ಮ ಡ್ರಮ್ಮರ್ ಕಡ್ಡಿ ಕೆಳಗಿಟ್ಟ.

"ಮಗಾ, ಹಾಡ್ಬೇಡ. ಸುಮ್ನೆ ಹೇಳು."

ಹೇಳಿದೆ. ಅವನು ತೊಡೆಯ ಮೇಲೆ ಬೆರಳಲ್ಲಿ ಮಾತ್ರೆ, ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ, ಎಣಿಸಿದ. ಅವ್ವ, ಮೂರು ಮಾತ್ರೆ. ಕರೆದಳು, ನಾಲ್ಕು. ದೀಪ, ಮೂರು. ಹಚ್ಚಿದೆ, ನಾಲ್ಕು.

"ಇದು ಏಳು ಕಣೋ. ನಾವು ನಾಲ್ಕೆರಡ್ಲ ಎಂಟಕ್ಕೆ ಜಗ್ತಾ ಇದೀವಿ."

ಮನೆಗೆ ಬಂದು ಊಟದ ಮೇಜಿನ ಮೇಲೆ ಅದನ್ನೇ ತಟ್ಟುತ್ತಿದ್ದೆ. ಗಮಕ (ಕಾವ್ಯವನ್ನು ರಾಗವಾಗಿ ಓದುವುದು) ಕೇಳುವ ಹುಚ್ಚಿರುವ ನಮ್ಮ ದೊಡ್ಡಪ್ಪ ತಲೆ ಎತ್ತಿದರು. "ಭಾಮಿನಿ ಷಟ್ಪದಿ ನಡೆ ಅಲ್ವೇನೋ ಇದು?" ಹೌದು! ಮೂರು-ನಾಲ್ಕು, ಮೂರು-ನಾಲ್ಕು. ಕುಮಾರವ್ಯಾಸ ಭಾರತ ಪೂರ್ತಿ ಇರುವುದು ಈ ಷಟ್ಪದಿಯಲ್ಲೇ. ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದೆ, ಅದರ ಕೆಳಗೆ ಡ್ರಮ್ ಇಡಬಹುದು ಅಂತ ಹೊಳೆದಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಬೀಟ್ ಸರಿಹೋದ ಮೇಲೆ ಗಿಟಾರಿನಲ್ಲಿ ಹಲವು ಸ್ವರ ಒಟ್ಟಿಗೆ ನುಡಿಸುವ ಕಾರ್ಡ್‌ಗಳು ಅಡ್ಡ ಬಂದವು. ಗಳಿಗೆಗೊಮ್ಮೆ ಕಾರ್ಡ್ ಬದಲಾದರೆ ಕಿವಿ ಮಾತು ಬಿಟ್ಟು ಅದರ ಹಿಂದೆ ಹೋಗುತ್ತದೆ. ಹಾಗಾಗಿ ಗಿಟಾರಿನ ಶ್ರುತಿಯನ್ನೇ ಬದಲಿಸಿದೆ. ಒಂದನೇ ಮತ್ತು ಆರನೇ ತಂತಿ 'ಡಿ' ಸ್ವರಕ್ಕೆ ಇಳಿದವು. ಎರಡನೆಯದನ್ನು 'ಎ'ಗೆ ಇಳಿಸಿ, ಮೂರನೆಯದನ್ನು 'ಎ'ಗೆ ಏರಿಸಿದೆ. ಉಳಿದೆರಡು ಇದ್ದಲ್ಲೇ. 'ಡಿ'ಯನ್ನು ಷಡ್ಜ ಅಂದುಕೊಂಡರೆ ಈಗ ಇರುವುದು ಬರೀ ಸ-ಪ. ಎರಡನೇ, ಮೂರನೇ ತಂತಿ ಎರಡೂ 220 ಹರ್ಟ್ಸ್, ಅಂದರೆ ಸೆಕೆಂಡಿಗೆ 220 ಕಂಪನ. ಒಂದನ್ನು 221ಕ್ಕೆ ತಂದರೆ ಸೆಕೆಂಡಿಗೊಮ್ಮೆ ಸದ್ದು ಉಬ್ಬಿ ಇಳಿಯುತ್ತದೆ. ಉಸಿರಾಡಿದ ಹಾಗೆ. ನಾವು ಹುಡುಕುತ್ತಿದ್ದ ಸದ್ದು ಇದೇ.

ನುಡಿಸಿದ್ದನ್ನು ತಡವಾಗಿ ಮಾರ್ದನಿಸುವ ಡಿಲೇ ಪೆಡಲ್ ಹೊಂದಿಸಿದ್ದು ಬೇಸ್ ನುಡಿಸುವ ಗೆಳತಿ. ಮಾತ್ರೆಗೆ 250 ಮಿಲಿಸೆಕೆಂಡ್, ಡಿಲೇ 750. ಮಾರ್ದನಿ ಮೂರು ಮಾತ್ರೆ ತಡವಾಗಿ ಬರುತ್ತದೆ, ಹಾಡು ಏಳಕ್ಕೆ ತಿರುಗುತ್ತದೆ. ಎರಡೂ ಬೇರೆ ಬೇರೆ ದಾರಿ ಹಿಡಿದು, 21 ಮಾತ್ರೆ ಮುಗಿದ ಕೂಡಲೇ ಒಂದೇ ಕಡೆ ಬಂದು ನಿಲ್ಲುತ್ತವೆ. ಮೊದಲ ಸಲ ಅದು ಸೇರಿದಾಗ ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮೊದಲ ಶೋನಲ್ಲಿ ಅರ್ಧ ಜನ ಎದ್ದು ಹೋದರು. ಬೇಜಾರಾಯಿತು, ಆದರೆ ಹಳೆಯ ಹಾಡಿಗೆ ವಾಪಸ್ ಹೋಗೋಣ ಅಂತ ಯಾರೂ ಅನ್ನಲಿಲ್ಲ. ಆ ಸಿಂಥ್ ಈಗಲೂ ಇದೆ, ಷಡ್ಜ ಒಂದನ್ನೇ ಹಿಡಿದಿರುತ್ತದೆ. ಹೊಸದೊಂದು ಸಾಲು ಐದಕ್ಕೆ ಬಂದಿದೆ. ಅದಕ್ಕೆ ಡಿಲೇ ಎಷ್ಟಿಡಬೇಕು ಅಂತ ಈ ಭಾನುವಾರ ಕೂರುತ್ತಿದ್ದೇವೆ.