ನಾಲೆ ಬಯಲಿನ ಗದ್ದೆಗೆ ಭೂಸ್ವಾಧೀನದ ನೋಟಿಸು ಬಂದಾಗ ಆಕ್ಷೇಪಣೆ ಸಲ್ಲಿಸುವ ಕ್ರಮ

ವಿಶ್ವೇಶ್ವರಯ್ಯ ನಾಲೆಯ ಬಯಲಿಗೆ ಸ್ವಾಧೀನದ ನೋಟಿಸು ಬಂದರೆ ಮಂಡ್ಯದ ಕಡೆಯ ಮನೆಗಳಲ್ಲಿ ಮೊದಲು ಏಳುವ ಮಾತು ಎಕರೆಗೆ ಎಷ್ಟು ಕೊಡುತ್ತಾರೆ ಎಂಬುದು. ಗದ್ದೆ ಉಳಿಸಿಕೊಳ್ಳುವ ಮನಸ್ಸಿದ್ದವರು ಅದಕ್ಕೂ ಮುಂಚೆ ನೋಡಬೇಕಾದದ್ದು ನೋಟಿಸು ಯಾವ ಕಾಯ್ದೆಯಡಿ ಬಂದಿದೆ ಎಂಬುದನ್ನು, ಏಕೆಂದರೆ ಆಕ್ಷೇಪಣೆಗೆ ಸಿಗುವ ದಿನಗಳು ಅದರ ಮೇಲೆ ನಿಂತಿವೆ. ಕೈಗಾರಿಕಾ ಪ್ರದೇಶಕ್ಕಾಗಿ 1966ರ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯಡಿ ಬಂದದ್ದಾದರೆ ನೋಟಿಸು ಕೈಸೇರಿದ ದಿನದಿಂದ 30 ದಿನ. 2013ರ ಭೂಸ್ವಾಧೀನ ಕಾಯ್ದೆಯಾದರೆ ಪ್ರಾಥಮಿಕ ಅಧಿಸೂಚನೆ ಪ್ರಕಟವಾದಂದಿನಿಂದ 60 ದಿನ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಾದರೆ ಪ್ರಕಟಣೆಯಿಂದ ಬರೀ 21 ದಿನ. ಕೊನೆಯ ಎರಡರಲ್ಲಿ ಕಾಗದ ಮನೆಗೆ ಬರುವವರೆಗೆ ದಿನಗಳು ಕಾಯುವುದಿಲ್ಲವಾದ್ದರಿಂದ, ಊರಿನಲ್ಲಿ ಅಳತೆಯ ಸುದ್ದಿ ಹಬ್ಬಿದ ಕೂಡಲೇ ಪಂಚಾಯಿತಿಯಲ್ಲೂ ತಾಲ್ಲೂಕು ಕಚೇರಿಯಲ್ಲೂ ವಿಚಾರಿಸಬೇಕು.

ಆಮೇಲೆ ಪಹಣಿ ತೆಗೆಸಿ, ಗದ್ದೆಯಲ್ಲೇ ನಿಂತು ಓದಿ. ನಮ್ಮ 30 ಗುಂಟೆಯ ಪಹಣಿಯನ್ನು ಬದುವಿನ ಮೇಲೆ ಬಿಡಿಸಿದಾಗ ಪಕ್ಕದಲ್ಲಿ ಕೂಳೆ ಕಬ್ಬು ಮೊಣಕಾಲುದ್ದ ಬಂದಿತ್ತು. ಬೆಳೆಯ ವಿವರವಿರುವ ಕಾಲಂನಲ್ಲಿ ಮಾತ್ರ ರಾಗಿ, ಮಳೆಯಾಶ್ರಿತ ಎಂದು ಅಚ್ಚಾಗಿತ್ತು. ಯಾರೋ ಗದ್ದೆಗೆ ಬಾರದೆ ತುಂಬಿದ ಆ ಒಂದು ಸಾಲನ್ನು ಸರಿಪಡಿಸಲು ನಾವು ತಿಂಗಳುಗಟ್ಟಲೆ ಅಲೆದೆವು. ಈ ತಪ್ಪಿನ ಬೆಲೆ ದೊಡ್ಡದು. ನೀರಾವರಿಯ ಬಹುಬೆಳೆ ಭೂಮಿಯನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ತೆಗೆದುಕೊಳ್ಳಬೇಕೆಂದು 2013ರ ಕಾಯ್ದೆಯ 10ನೇ ಪ್ರಕರಣ ಹೇಳುತ್ತದೆ, ಆದರೆ ಕಾಗದದಲ್ಲಿ ಖುಷ್ಕಿ, ಅಂದರೆ ಮಳೆಯಾಶ್ರಿತವಾದ ಭೂಮಿಗೆ ಆ ರಕ್ಷಣೆ ಕೇಳುವುದು ಕಷ್ಟ. (ರಸ್ತೆ, ರೈಲು, ವಿದ್ಯುತ್ ಮಾರ್ಗದಂಥ ಉದ್ದನೆಯ ಯೋಜನೆಗಳನ್ನು ಈ ಪ್ರಕರಣದಿಂದ ಹೊರಗಿಟ್ಟಿರುವುದು ನನ್ನ ದೃಷ್ಟಿಯಲ್ಲಿ ನಮ್ಮ ಜಿಲ್ಲೆಗೆ ಆದ ಅನ್ಯಾಯ.) ಆದ್ದರಿಂದ ನೋಟಿಸು ಬರುವ ಮೊದಲೇ, ಪ್ರತಿ ಹಂಗಾಮಿನಲ್ಲೂ ಬೆಳೆ ದರ್ಶಕ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ಎಂದು ನೋಡಿ, ತಪ್ಪಿದ್ದರೆ ಅಲ್ಲೇ ಆಕ್ಷೇಪಿಸಿ. ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆಯನ್ನೂ ಮಾಡಿಸಿಕೊಳ್ಳಿ.

ಆಕ್ಷೇಪಣೆಯಲ್ಲಿ ಸರ್ವೆ ಮತ್ತು ಹಿಸ್ಸಾ ನಂಬರು, ವಿಸ್ತೀರ್ಣ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಬರೆದು, ಯಾವ ತೂಬಿನಿಂದ ನೀರು ಬರುತ್ತದೆ, ವರ್ಷಕ್ಕೆ ಯಾವ ಯಾವ ಬೆಳೆ ತೆಗೆಯುತ್ತೀರಿ, ಮನೆಯಲ್ಲಿ ಎಷ್ಟು ಜನ ಇದನ್ನೇ ನಂಬಿದ್ದಾರೆ ಎಂಬುದನ್ನು ಸರಳವಾಗಿ ಹೇಳಿ. ನೀರಿನ ಕಂದಾಯದ ರಸೀದಿ, ಕಾರ್ಖಾನೆಗೆ ಕಬ್ಬು ಹಾಕಿದ ಚೀಟಿ, ಬೆಳೆ ಸಾಲದ ಕಾಗದ, ಗದ್ದೆಯ ಫೋಟೋ ಲಗತ್ತಿಸಿ. ಹತ್ತಿರದಲ್ಲೇ ಪಾಳುಬಿದ್ದ ಸರ್ಕಾರಿ ಜಾಗ ಅಥವಾ ಖಾಲಿ ಬಿದ್ದ ಕೈಗಾರಿಕಾ ನಿವೇಶನಗಳಿದ್ದರೆ ಅವುಗಳ ವಿವರವನ್ನು ತಪ್ಪದೆ ಸೇರಿಸಿ. ಬೇರೆ ದಾರಿ ಇದೆ ಎಂದು ತೋರಿಸುವ ಬಲವಾದ ಆಧಾರ ಅದೇ. ಊರವರೆಲ್ಲ ಒಂದೇ ಅರ್ಜಿಗೆ ಸಹಿ ಹಾಕಿದರೂ ಪ್ರತಿ ಖಾತೆದಾರರೂ ತಮ್ಮದೇ ಅರ್ಜಿ ಕೊಡುವುದು ಲೇಸು. ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಕಚೇರಿ ಬಿಡಬೇಡಿ. ಮೂರೂ ಕಾಯ್ದೆಗಳಲ್ಲಿ ಖುದ್ದು ವಿಚಾರಣೆಗೆ ಅವಕಾಶವಿದೆ. ಅದನ್ನು ಅರ್ಜಿಯಲ್ಲೇ ಕೇಳಿ, ಕರೆದ ದಿನ ಮೂಲ ದಾಖಲೆಗಳೊಂದಿಗೆ ಹೋಗಿ.

ಇಷ್ಟಾದರೂ ಭೂಮಿ ಹೋಗುವುದಾದರೆ, 2013ರ ಕಾಯ್ದೆಯಡಿ ಪರಿಹಾರ ಪಡೆಯುವಾಗ ರಸೀದಿಯಲ್ಲಿ ‘ಪ್ರತಿಭಟನೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಸ್ವಂತ ಅಕ್ಷರದಲ್ಲಿ ಬರೆದು ಸಹಿ ಮಾಡಿ. ಹಾಗೆ ಬರೆಯದೆ ಹಣ ಪಡೆದವರು ಹೆಚ್ಚಿನ ಪರಿಹಾರ ಕೋರಿ 64ನೇ ಪ್ರಕರಣದ ಅರ್ಜಿ ಹಾಕುವಂತಿಲ್ಲ, ಮತ್ತು ಐತೀರ್ಪಿನ (ಪರಿಹಾರ ನಿಗದಿಪಡಿಸುವ ಆದೇಶದ) ವೇಳೆ ಹಾಜರಿದ್ದವರಿಗೆ ಆ ಅರ್ಜಿಗೆ ಸಿಗುವುದು ಆರು ವಾರ ಮಾತ್ರ.